ಲಕ್ವ ಹೊಡೆದ ಕೈಗೆ ನಾವು ಕಟ್ಟಿದ ಆಟಗಳು

ನಾನು ಫಿಸಿಯೋಥೆರಪಿಸ್ಟ್. ಶಿವಮೊಗ್ಗ ಜಿಲ್ಲೆಯ ಒಂದು ಸಣ್ಣ ಊರಿನಲ್ಲಿ ನನ್ನ ಕ್ಲಿನಿಕ್ ಇದೆ. ಬರುವವರಲ್ಲಿ ಲಕ್ವ ಹೊಡೆದವರೇ ಜಾಸ್ತಿ. ಅವರಲ್ಲಿ ಹೆಚ್ಚಿನವರಿಗೆ ಕಾಲು ಹೇಗೋ ಒಂದು ಹದಕ್ಕೆ ಬರುತ್ತದೆ. ಬಚ್ಚಲಿಗೆ ಹೋಗಲಾದರೂ ನಡೆಯಲೇಬೇಕಲ್ವಾ? ಕೈ ಹಾಗಲ್ಲ. ಒಂದು ಕೈ ಸೋತರೆ ಇನ್ನೊಂದು ಕೈ ಎಲ್ಲ ಕೆಲಸ ಮುಗಿಸಿಬಿಡುತ್ತದೆ. ಸೋತ ಕೈ ತೊಡೆಯ ಮೇಲೆ ಸುಮ್ನೆ ಬಿದ್ದಿರುತ್ತದೆ. ಬಳಸದೆ ಬಿಟ್ಟಷ್ಟೂ ಮಿದುಳು ಅದನ್ನು ಬಳಸುವುದನ್ನೇ ಬಿಟ್ಟುಬಿಡುತ್ತದೆ.

ಲಕ್ವ ಹೊಡೆದಾಗ ಮಿದುಳಿನಲ್ಲಿ ಸತ್ತ ಭಾಗ ಮತ್ತೆ ಹುಟ್ಟುವುದಿಲ್ಲ. ಉಳಿದ ಭಾಗಗಳು ಆ ಕೆಲಸವನ್ನು ಹೊಸದಾಗಿ ಕಲಿಯಬೇಕು. ಅದಕ್ಕೆ ಒಂದೇ ಕೆಲಸವನ್ನು ನೂರಾರು ಸಲ ಮಾಡಬೇಕು. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ದಿನಕ್ಕೆ 400ರಿಂದ 600 ಸಲ ಮಾಡಿಸಿದ್ದರು. ಮನುಷ್ಯರಿಗೆ ನಾವು ಎಷ್ಟು ಮಾಡಿಸುತ್ತೇವೆ? ಕೆಲವು ಸಂಶೋಧಕರು ಚಿಕಿತ್ಸೆಯ ಹೊತ್ತಿನಲ್ಲೇ ಕೂತು ಎಣಿಸಿ, 2009ರಲ್ಲಿ ಪ್ರಕಟಿಸಿದರು. ಕೈಯಿಂದ ಉಪಯೋಗದ ಕೆಲಸ ಮಾಡಿಸಿದ್ದು ಒಂದು ಸಲದ ಚಿಕಿತ್ಸೆಯಲ್ಲಿ ಸರಾಸರಿ 32 ಬಾರಿ ಮಾತ್ರ. ಆ ಅಂಕಿ ಓದಿದಾಗ ನನಗೆ ಆಶ್ಚರ್ಯ ಆಗಲಿಲ್ಲ. ಹತ್ತು ಸಲ ಕೈ ಎತ್ತಿಸಿದರೆ "ಸಾಕು ಬಿಡಿ ಮೇಡಂ" ಅನ್ನುವುದನ್ನು ದಿನಾ ಕೇಳುವವಳು ನಾನು. ಅವರ ತಪ್ಪಲ್ಲ. ಅದು ನಿಜಕ್ಕೂ ಬೇಸರದ ಕೆಲಸ.

ಆಟದ ಯೋಚನೆ ಬಂದದ್ದು ಅಲ್ಲಿಂದ. ಇದೇನೂ ಹೊಸದಲ್ಲ. 2006ರಲ್ಲಿ ನಿಂಟೆಂಡೊ ವೀ ಎಂಬ ವಿಡಿಯೊ ಗೇಮ್ ಯಂತ್ರ ಬಂದಾಗಲೇ ಥೆರಪಿಸ್ಟ್‌ಗಳು ಅದನ್ನು ಚಿಕಿತ್ಸೆಗೆ ತಂದಿದ್ದರು. 2010ರಲ್ಲಿ ಮೈಕ್ರೋಸಾಫ್ಟ್‌ನ ಕೈನೆಕ್ಟ್ ಬಂತು. ಕೈಯಲ್ಲಿ ಏನೂ ಹಿಡಿಯದೆ, ಕ್ಯಾಮೆರಾ ಮುಂದೆ ಕೈ ಬೀಸಿ ಆಡಬಹುದಿತ್ತು. ಬೆರಳು ಮುಚ್ಚಿಹೋದವರಿಗೆ ಅದು ದೊಡ್ಡ ಅನುಕೂಲ. ಆದರೆ ಈ ಆಟಗಳೆಲ್ಲ ಗಟ್ಟಿಮುಟ್ಟಾದವರಿಗೆ ಮಾಡಿದಂಥವು. ವೇಗ ಜಾಸ್ತಿ, ಗದ್ದಲ ಜಾಸ್ತಿ. ಕೈ ಹೇಗೆ ಬೀಸಿದರೂ ಅಂಕ ಬರುತ್ತದೆ.

2016ರಲ್ಲಿ ಪ್ರಕಟವಾದ ಎವರೆಸ್ಟ್ ಎಂಬ ಪ್ರಯೋಗ ನನ್ನ ಕಣ್ಣು ತೆರೆಸಿತು. ನಾಲ್ಕು ದೇಶಗಳಲ್ಲಿ 141 ರೋಗಿಗಳು. ಅರ್ಧ ಜನ ವೀ ಆಡಿದರು. ಉಳಿದವರು ಅಷ್ಟೇ ಹೊತ್ತು ಇಸ್ಪೀಟು, ಬಿಂಗೊದಂಥ ಸಾಮಾನ್ಯ ಆಟ ಆಡಿದರು. ಎರಡೂ ಕಡೆಯವರ ಕೈ ಸುಧಾರಿಸಿತು, ಇಬ್ಬರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಅಂದರೆ ಪರದೆಗೆ ತನ್ನದೇ ಆದ ಮಂತ್ರಶಕ್ತಿ ಇಲ್ಲ. 72 ಪ್ರಯೋಗಗಳನ್ನು ಒಟ್ಟಿಗೆ ನೋಡಿದ 2017ರ ಕೊಕ್ರೇನ್ ವಿಮರ್ಶೆಯೂ ಹತ್ತಿರ ಹತ್ತಿರ ಅದನ್ನೇ ಹೇಳುತ್ತದೆ: ಮಾಮೂಲಿ ಚಿಕಿತ್ಸೆಯ ಬದಲಿಗೆ ಆಟ ಕೊಟ್ಟರೆ ಕೈಗೆ ವಿಶೇಷ ಲಾಭ ಇಲ್ಲ. ಚಿಕಿತ್ಸೆಯ ಜೊತೆಗೆ ಸೇರಿಸಿ ಒಟ್ಟು ಅಭ್ಯಾಸ ಜಾಸ್ತಿ ಮಾಡಿದರೆ ಲಾಭ ಇದೆ. ನಾನು ಆಟವನ್ನು ಬಳಸುವುದು ಹಾಗೆಯೇ. ನಾನು ಕೈಯಾರೆ ಕೊಡುವ ಚಿಕಿತ್ಸೆ ಮುಗಿದ ಮೇಲೆ, ಇನ್ನೂ ಅರ್ಧ ಗಂಟೆ.

ನನ್ನ ತಂಗಿಯ ಮಗ ಆಗ ಇಂಜಿನಿಯರಿಂಗ್ ಓದುತ್ತಿದ್ದ. ಕೋಡ್ ಅವನದು. ಯಾವ ಚಲನೆ ಬೇಕು, ಯಾವುದು ಬೇಡ ಅನ್ನುವುದು ನನ್ನದು. 2019ರಲ್ಲಿ ಗೂಗಲ್ ಮೀಡಿಯಾಪೈಪ್ ಎಂಬ ತಂತ್ರಾಂಶವನ್ನು ಎಲ್ಲರಿಗೂ ಉಚಿತವಾಗಿ ಬಿಟ್ಟಿತು. ಈಗ ಅದರಲ್ಲಿ ಒಂದು ಮಾದರಿ ಇದೆ. ಮಾಮೂಲಿ ವೆಬ್‌ಕ್ಯಾಮ್ ಚಿತ್ರದಲ್ಲೇ ದೇಹದ 33 ಬಿಂದುಗಳನ್ನು ಗುರುತಿಸುತ್ತದೆ: ಕಿವಿ, ಭುಜ, ಮೊಣಕೈ, ಮಣಿಕಟ್ಟು, ಸೊಂಟ, ಹೀಗೆ. ಸೊಂಟ, ಭುಜ, ಮೊಣಕೈ ಈ ಮೂರು ಬಿಂದು ಸಿಕ್ಕರೆ ತೋಳು ಎಷ್ಟು ಡಿಗ್ರಿ ಎದ್ದಿದೆ ಅಂತ ಲೆಕ್ಕ ಹಾಕಬಹುದು. ದುಬಾರಿ ಯಂತ್ರ ಬೇಡ, ಹಳೇ ಲ್ಯಾಪ್‌ಟಾಪ್ ಸಾಕು. ನೆಟ್ ಕೂಡ ಬೇಡ. ರೋಗಿಯ ವಿಡಿಯೊ ನಾವು ಉಳಿಸುವುದಿಲ್ಲ, ಬಿಂದುಗಳ ಲೆಕ್ಕ ಮಾತ್ರ ಉಳಿಸುತ್ತೇವೆ.

ಮೊದಲ ಆಟ ಮಾವಿನಕಾಯಿ ಕೀಳುವುದು. ಕೈ ಎತ್ತಿದರೆ ಪರದೆಯ ಕೈ ಎದ್ದು ಕಾಯಿ ಹಿಡಿಯುತ್ತದೆ, ಇಳಿಸಿದರೆ ಬುಟ್ಟಿಗೆ ಬೀಳುತ್ತದೆ. ಅಷ್ಟೇ. ಕಷ್ಟ ಇದ್ದದ್ದು ಆಟದಲ್ಲಲ್ಲ, ಅಂಕ ಯಾವಾಗ ಕೊಡಬೇಕು ಅನ್ನುವುದರಲ್ಲಿ.

ಲಕ್ವ ಹೊಡೆದವರ ದೇಹ ಕಳ್ಳದಾರಿ ಹುಡುಕುತ್ತದೆ. ತೋಳು ಎತ್ತಲಾಗದಿದ್ದರೆ ಭುಜವನ್ನು ಕಿವಿಯ ಹತ್ತಿರ ತರುತ್ತಾರೆ. ಕೈ ಚಾಚಲಾಗದಿದ್ದರೆ ಇಡೀ ಬೆನ್ನನ್ನೇ ಮುಂದಕ್ಕೆ ವಾಲಿಸುತ್ತಾರೆ. ಬೇಕೆಂದು ಮಾಡುವುದಲ್ಲ, ಗೊತ್ತೇ ಆಗುವುದಿಲ್ಲ. ಆಟ ಇದಕ್ಕೂ ಅಂಕ ಕೊಟ್ಟರೆ ಮಿದುಳು ಕಲಿಯುವುದು ವಾಲುವುದನ್ನೇ. ಯಾವುದಕ್ಕೆ ಅಂಕ ಕೊಡುತ್ತೇವೋ ದೇಹ ಅದನ್ನು ಕಲಿಯುತ್ತದೆ. ನಾನು ಕಲಿತದ್ದರಲ್ಲಿ ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿಲ್ಲ.

ಆದ್ದರಿಂದ ಆಟ ಶುರುವಾಗುವ ಮೊದಲು ಐದು ಸೆಕೆಂಡ್ ನೆಟ್ಟಗೆ ಕೂರಿಸುತ್ತೇವೆ. ಕಿವಿಗೂ ಭುಜಕ್ಕೂ ಇರುವ ದೂರ, ಎರಡು ಭುಜಗಳ ನಡುವಿನ ಅಂತರ, ಭುಜದ ಗೆರೆಯ ಓರೆ, ಇಷ್ಟನ್ನು ಕಂಪ್ಯೂಟರ್ ನೆನಪಿಟ್ಟುಕೊಳ್ಳುತ್ತದೆ. ಆಮೇಲೆ ಭುಜ ಕಿವಿಯ ಹತ್ತಿರ ಬಂದರೆ, ಗೆರೆ ಓರೆಯಾದರೆ ಅದಕ್ಕೆ ತಿಳಿಯುತ್ತದೆ. ಮುಂದಕ್ಕೆ ವಾಲಿದರೆ ಕ್ಯಾಮೆರಾಕ್ಕೆ ಹತ್ತಿರವಾಗುತ್ತಾರಲ್ಲ, ಚಿತ್ರದಲ್ಲಿ ಭುಜಗಳ ಅಂತರ ದೊಡ್ಡದಾಗುತ್ತದೆ. ಅದರಿಂದಲೇ ಹಿಡಿಯಬಹುದು. ಆಗ ಮಾವಿನಕಾಯಿ ನಿಂತುಬಿಡುತ್ತದೆ. ಅಂಕ ಕಳೆಯುವುದಿಲ್ಲ, ಕೆಂಪು ಬಣ್ಣ ತೋರಿಸುವುದಿಲ್ಲ. "ಬೆನ್ನು ನೆಟ್ಟಗೆ" ಅಂತ ನನ್ನದೇ ಧ್ವನಿ ಬರುತ್ತದೆ. ನೆಟ್ಟಗಾದ ಕೂಡಲೇ ಆಟ ಮುಂದುವರಿಯುತ್ತದೆ. ಮೊದಲೇ ಸೋತ ಮನಸ್ಸಿಗೆ ಇನ್ನೊಂದು ಸೋಲು ಬೇಡ ಅನ್ನುವುದು ನನ್ನ ಹಟ.

ಬರಹ ಎಲ್ಲೂ ಇಲ್ಲ. ಎಡ ಮಿದುಳಿಗೆ ಪೆಟ್ಟಾದವರಿಗೆ ಬಲಗೈ ಜೊತೆ ಮಾತೂ ಓದೂ ಹೋಗಿರಬಹುದು. ಚಿತ್ರ, ಎರಡು ಪದದ ಮಾತು, ಇಷ್ಟೇ. ಬಲ ಮಿದುಳಿಗೆ ಪೆಟ್ಟಾದವರಲ್ಲಿ ಕೆಲವರ ತೊಂದರೆ ಬೇರೆ. ಕಣ್ಣು ಚೆನ್ನಾಗಿದ್ದರೂ ಎಡಗಡೆಗೆ ಗಮನವೇ ಹೋಗುವುದಿಲ್ಲ. ತಟ್ಟೆಯ ಎಡಭಾಗದ ಅನ್ನ ಹಾಗೇ ಉಳಿದಿರುತ್ತದೆ. ಅಂಥವರಿಗೆ ಪರದೆಯ ಎಡ ಅಂಚಿನಲ್ಲಿ ದಪ್ಪ ಕೆಂಪು ಪಟ್ಟಿ ಇಟ್ಟೆವು. "ಮೊದಲು ಕೆಂಪು ಪಟ್ಟಿ ಹುಡುಕಿ" ಅನ್ನುತ್ತೇನೆ. ಕಾಯಿಗಳು ಬಲದಿಂದ ಶುರುವಾಗಿ ಸ್ವಲ್ಪಸ್ವಲ್ಪವೇ ಎಡಕ್ಕೆ ಸರಿಯುತ್ತವೆ.

ಎಷ್ಟು ಎತ್ತರಕ್ಕೆ ಕಾಯಿ ಇಡಬೇಕು ಅನ್ನುವುದನ್ನು ಕಂಪ್ಯೂಟರೇ ನಿರ್ಧರಿಸುತ್ತದೆ. ನಿಯಮ ಸರಳ. ಹಿಂದಿನ ಹತ್ತು ಪ್ರಯತ್ನಗಳಲ್ಲಿ ಎಂಟಕ್ಕಿಂತ ಜಾಸ್ತಿ ಸಿಕ್ಕರೆ ಸ್ವಲ್ಪ ಮೇಲೆ, ಐದಕ್ಕಿಂತ ಕಡಿಮೆ ಸಿಕ್ಕರೆ ಸ್ವಲ್ಪ ಕೆಳಗೆ. ತಂಗಿಯ ಮಗನಿಗೆ ಇಲ್ಲೂ ದೊಡ್ಡ ಮೆಷಿನ್ ಲರ್ನಿಂಗ್, ಅಂದರೆ ಕಂಪ್ಯೂಟರ್ ತಾನೇ ಕಲಿತು ನಿರ್ಧರಿಸುವ ವಿಧಾನ, ಹಾಕುವ ಆಸೆ ಇತ್ತು. ನಾನು ಒಪ್ಪಲಿಲ್ಲ. ಯಾಕೆ ಕಷ್ಟ ಜಾಸ್ತಿ ಆಯಿತು ಅಂತ ರೋಗಿಯ ಮಗಳು ಕೇಳಿದರೆ ನನಗೆ ಉತ್ತರ ಗೊತ್ತಿರಬೇಕು. ಜೊತೆಗೆ ಒಂದು ಮೇಲ್ಮಿತಿಯನ್ನೂ ನಾನೇ ಹಾಕುತ್ತೇನೆ. ಭುಜದ ಕೀಲು ಜಾರಿದವರಿಗೆ, ನೋವಿರುವವರಿಗೆ ತೋಳು ಭುಜದ ಮಟ್ಟ ದಾಟುವಂತೆ ಆಟ ಕೇಳಬಾರದು. ಅದು ಯಂತ್ರಕ್ಕೆ ಬಿಡುವ ವಿಷಯವಲ್ಲ.

ಕ್ಯಾಮೆರಾ ಗುರುತಿಸಿದ ಬಿಂದುಗಳು ಸದಾ ಸ್ವಲ್ಪ ನಡುಗುತ್ತವೆ. ರೋಗಿಯ ಕೈಯೂ ನಡುಗುತ್ತದೆ. ಅದನ್ನು ನಯ ಮಾಡಲು ಒನ್ ಯೂರೋ ಫಿಲ್ಟರ್ ಎಂಬ ಸಣ್ಣ ಲೆಕ್ಕ ಇದೆ. ಕೈ ನಿಧಾನವಾಗಿದ್ದಾಗ ಜಾಸ್ತಿ ನಯ ಮಾಡುತ್ತದೆ, ವೇಗವಾದಾಗ ಕಡಿಮೆ. ನಯ ಜಾಸ್ತಿಯಾದರೆ ಪರದೆಯ ಕೈ ತಡವಾಗಿ ಅಲ್ಲಾಡುತ್ತದೆ. ಆಗ "ಇದು ನನ್ನ ಕೈ ಅಲ್ಲ" ಅನ್ನಿಸಿಬಿಡುತ್ತದೆ. ಆ ನಂಬಿಕೆ ಹೋದರೆ ಆಟ ಮುಗಿದಂತೆ.

ಕೋಣೆಯ ವಿಷಯಗಳೂ ಇವೆ. ಬೆನ್ನ ಹಿಂದೆ ಕಿಟಕಿ ಇರಬಾರದು. ಸೀರೆಯ ಸೆರಗು ಮೊಣಕೈ ಮುಚ್ಚಿದರೆ ಬಿಂದು ತಪ್ಪುತ್ತದೆ, ಸೆರಗು ಸಿಕ್ಕಿಸಿಕೊಳ್ಳಲು ಹೇಳುತ್ತೇನೆ. ಜೊತೆಗೆ ಬಂದವರು ಹಿಂದೆ ನಿಂತರೆ ಕಂಪ್ಯೂಟರ್ ಅವರ ಕೈಯನ್ನೇ ಹಿಡಿದುಕೊಳ್ಳಬಹುದು. ಬಿಪಿ ನೋಡದೆ ಆಟ ಶುರು ಮಾಡುವುದಿಲ್ಲ. ಲಕ್ವದ ನಂತರ ಕೆಲವರಿಗೆ ಫಿಟ್ಸ್ ಬರುವುದುಂಟು, ಹಾಗಾಗಿ ಮಿಣಮಿಣ ಮಿನುಗುವ ಬೆಳಕು ನಮ್ಮ ಆಟಗಳಲ್ಲಿ ಇಲ್ಲ.

ತೋಳು ಎತ್ತಲು ಬಲವೇ ಇಲ್ಲದವರಿಗೆ ಇನ್ನೊಂದು ಆಟ ಮಾಡಿದೆವು. ನಮ್ಮ ವೃತ್ತಿಯಲ್ಲಿ ಪೌಡರ್ ಬೋರ್ಡ್ ಅಂತ ಇದೆ. ನುಣುಪಾದ ಹಲಗೆಯ ಮೇಲೆ ಪೌಡರ್ ಉದುರಿಸಿ ಕೈ ಜಾರಿಸುವುದು. ಕೈಯ ಭಾರವನ್ನು ಹಲಗೆ ಹೊರುತ್ತದೆ. ನಾನು ಕೇರಂ ಬೋರ್ಡ್ ಇಟ್ಟೆ. ಮೇಲಿಂದ ಸ್ಟ್ಯಾಂಡಿನಲ್ಲಿ ಕ್ಯಾಮೆರಾ ನೋಡುತ್ತದೆ. ಪರದೆಯಲ್ಲಿ ರಂಗೋಲಿಯ ಚುಕ್ಕಿಗಳು. ಕೈ ಜಾರಿಸುತ್ತಾ ಚುಕ್ಕಿಯಿಂದ ಚುಕ್ಕಿಗೆ ಎಳೆ ಎಳೆಯಬೇಕು. ಮುಚ್ಚಿದ ಮುಷ್ಟಿಯನ್ನು ಬೆರಳು ಗುರುತಿಸುವ ಮಾದರಿ ಸರಿಯಾಗಿ ಹಿಡಿಯುತ್ತಿರಲಿಲ್ಲ. ಮಣಿಕಟ್ಟಿಗೆ ಹಸಿರು ಬ್ಯಾಂಡ್ ಕಟ್ಟಿ, ಆ ಬಣ್ಣವನ್ನೇ ಹಿಂಬಾಲಿಸುವಂತೆ ಮಾಡಿದೆವು. ಎಲ್ಲಕ್ಕಿಂತ ಜಾಸ್ತಿ ಕೇಳಿ ಆಡುವುದು ಈ ಆಟವನ್ನೇ. ಜೀವಮಾನವೆಲ್ಲ ಅಂಗಳಕ್ಕೆ ರಂಗೋಲಿ ಹಾಕಿದ ಅಮ್ಮಂದಿರಿಗೆ ಹೇಳಿಕೊಡುವುದೇ ಬೇಡ. "ಇದೊಂದು ಮುಗಿಸ್ತೀನಿ ತಡಿ" ಅಂತ ಕರೆದೊಯ್ಯಲು ಬಂದ ಮಗನನ್ನು ಕಾಯಿಸುತ್ತಾರೆ. ನೂರು ಸಲ ಕೈ ಆಡಿದ್ದು ಅವರಿಗೆ ಗೊತ್ತೇ ಆಗಿರುವುದಿಲ್ಲ.

ಆಟದ ಅಂಕ ಏರಿತು ಅಂತ ಕೈ ಸುಧಾರಿಸಿತು ಅಂದುಕೊಳ್ಳುವ ಹಾಗಿಲ್ಲ. ಆಡಿ ಆಡಿ ಆಟ ರೂಢಿಯಾಗಿರಬಹುದು. ಅದಕ್ಕೇ ತಿಂಗಳಿಗೊಮ್ಮೆ, ಲಕ್ವದ ನಂತರ ಚಲನೆ ಎಷ್ಟು ಮರಳಿದೆ ಅಂತ ಅಳೆಯುವ ಫ್ಯೂಗಲ್-ಮೇಯರ್ ಪರೀಕ್ಷೆ ಮಾಡುತ್ತೇನೆ. ಕೈಗೆ ಒಟ್ಟು 66 ಅಂಕ. ಜೊತೆಗೆ ಮನೆಯವರನ್ನು ಕೇಳುತ್ತೇನೆ: ಆ ಕೈಯಲ್ಲಿ ಲೋಟ ಹಿಡಿದರಾ? ಟವೆಲ್ ಹಿಂಡಲು ಆ ಕೈ ಮುಂದೆ ಬಂತಾ? ನನಗೆ ಈ ಉತ್ತರಗಳೇ ಹೆಚ್ಚು ಮುಖ್ಯ. ಎಲ್ಲರದ್ದೂ "ಹೌದು" ಆಗಿರುವುದಿಲ್ಲ. ತೀವ್ರ ಪೆಟ್ಟಾದ ಕೆಲವು ಕೈಗಳಿಗೆ ಆಟದಿಂದ ಹೆಚ್ಚೇನೂ ಆಗಲಿಲ್ಲ. ಅದನ್ನು ಮನೆಯವರಿಗೆ ನೇರವಾಗಿ ಹೇಳುತ್ತೇನೆ.

ಬೆರಳು ಬಿಡಿಸುವ ಆಟ ಇನ್ನೂ ಆಗಬೇಕು. ತೆರೆದ ಅಂಗೈಯಲ್ಲಿ ಮೀಡಿಯಾಪೈಪ್ 21 ಬಿಂದು ಚೆನ್ನಾಗಿ ಕಾಣುತ್ತದೆ, ಬಿಗಿದ ಬೆರಳಲ್ಲಿ ತಡವರಿಸುತ್ತದೆ. ಈಗ ಪಕ್ಕದಿಂದ ಇನ್ನೊಂದು ಕ್ಯಾಮೆರಾ ಇಟ್ಟು ನೋಡುತ್ತಿದ್ದೇವೆ. ಅದು ಆಗುವವರೆಗೆ ಬೆರಳಿಗೆ ಕಂಪ್ಯೂಟರ್ ಇಲ್ಲ, ಅಳಗುಳಿ ಮಣೆ ಇದೆ. ಹುಣಸೆ ಬೀಜ ಒಂದೊಂದೇ ಎತ್ತಿ ಗುಳಿಗೆ ಬಿಡಬೇಕು. ಮೊಮ್ಮಕ್ಕಳು ಎದುರು ಕೂತು ಆಡಿದರೆ ಇನ್ನೂ ಒಳ್ಳೆಯದು. ಬೀಜ ಸಣ್ಣದಾಗಿ ಹಿಡಿಯಲು ಆಗದವರಿಗೆ ಅಡಿಕೆ ಕೊಡುತ್ತೇನೆ, ಅದು ನಮ್ಮೂರಲ್ಲಿ ಎಲ್ಲರ ಮನೆಯಲ್ಲೂ ಇರುತ್ತದೆ.