32 ಪುಟ, 44 ಗ್ರಾಂ

ನಮ್ಮ ಪತ್ರಿಕೆಗೆ ಎಷ್ಟು ಪುಟ ಇರಬೇಕು ಅನ್ನುವುದನ್ನು ಪಕ್ಕದ ಬಂಗಾರದ ಅಂಗಡಿಯ ತಕ್ಕಡಿಯಲ್ಲಿ ತೂಗಿ ಗೊತ್ತು ಮಾಡಿಕೊಂಡೆವು. 48 ಪುಟದ ಸಂಚಿಕೆ ಅರವತ್ತು ಗ್ರಾಂ ದಾಟಿತು. 32 ಪುಟ ಮಾಡಿ, ಮುಖಪುಟದ ಕಾಗದ ತೆಳು ಮಾಡಿ, ವಿಳಾಸದ ಪಟ್ಟಿ ಸುತ್ತಿ ಇಟ್ಟಾಗ 44 ಗ್ರಾಂ ಬಂತು. ಐವತ್ತರ ಒಳಗೆ. ನನಗೂ ಮಾಸ್ತರರಿಗೂ ಆದ ಖುಷಿ ಅಷ್ಟಿಷ್ಟಲ್ಲ.

ವಿಜಯಪುರದಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಕರಪತ್ರ, ಕಾಲೇಜಿನವರ ಪ್ರಬಂಧ, ಇದು ಹೊಟ್ಟೆಪಾಡು. 2011ರಲ್ಲಿ ನಿವೃತ್ತ ಮಾಸ್ತರರೊಬ್ಬರು ಒಂದು ತ್ರೈಮಾಸಿಕ ಶುರು ಮಾಡಿದರು. ನಾನು ಅಕ್ಷರ ಜೋಡಿಸಿ ಕೊಡುತ್ತಿದ್ದೆ, ಅಷ್ಟೇ. 2016ರಲ್ಲಿ ಅವರಿಗೆ ಕಣ್ಣು ಸರಿಯಾಗಿ ಕಾಣದಾಯಿತು. "ಇನ್ನ ನೀನ ನೋಡ್ಕೋ, ತಂಗಿ" ಅಂದರು. ಅಂದಿನಿಂದ ಅದು ನನ್ನ ಕೈಯಲ್ಲಿದೆ.

ತಕ್ಕಡಿಯ ವಿಷಯಕ್ಕೆ ಬರುತ್ತೇನೆ. ಅಂಚೆಯಲ್ಲಿ ನೋಂದಾಯಿತ ಪತ್ರಿಕೆಗಳಿಗೆ ರಿಯಾಯಿತಿ ದರ ಇತ್ತು. 50 ಗ್ರಾಂವರೆಗೆ ಒಂದು ಪ್ರತಿಗೆ 25 ಪೈಸೆ, 100 ಗ್ರಾಂವರೆಗೆ 50 ಪೈಸೆ. ಆದರೆ ಎರಡು ಸಂಚಿಕೆಗಳ ನಡುವೆ 31 ದಿನಕ್ಕಿಂತ ಜಾಸ್ತಿ ಅಂತರ ಇರಬಾರದು. ಕನಿಷ್ಠ 50 ಜನ ನಿಜವಾದ ಚಂದಾದಾರರು ಇರಬೇಕು. ನಮ್ಮದು ತ್ರೈಮಾಸಿಕ. ಹಾಗಾಗಿ ಆ ರಿಯಾಯಿತಿ ಸಿಗದೆ ಮೂರು ವರ್ಷ ಬುಕ್‌ಪೋಸ್ಟ್‌ಗೇ ದುಡ್ಡು ಸುರಿದೆವು. 2014ರಲ್ಲಿ ಗಟ್ಟಿ ಮನಸ್ಸು ಮಾಡಿ ಮಾಸಿಕ ಮಾಡಿದೆವು. ಪತ್ರಿಕೆಯ ನೋಂದಣಿಗಾಗಿ ಡಿಸಿ ಕಚೇರಿಗೆ ಎಷ್ಟೋ ಸಲ ಅಲೆದೆವು. 380 ಪ್ರತಿ ಅಂಚೆಗೆ ಹಾಕಲು 95 ರೂಪಾಯಿ! ಮೊದಲ ತಿಂಗಳು ರಸೀದಿಯನ್ನು ಎರಡು ಸಲ ನೋಡಿದೆ. ಈಗ ಪತ್ರಿಕೆ ಶುರು ಮಾಡುವವರಿಗೆ ದಾರಿ ಬೇರೆ. ಪತ್ರಿಕೆ ನೋಂದಣಿಯ 1867ರ ಹಳೆ ಕಾನೂನು ಹೋಗಿ 2024ರ ಮಾರ್ಚ್ 1ರಿಂದ ಹೊಸ ಕಾನೂನು ಜಾರಿಯಲ್ಲಿದೆ. ಅರ್ಜಿ ಆನ್‌ಲೈನ್‌ನಲ್ಲೇ ಹಾಕಬೇಕು.

ಅಚ್ಚಿನ ಲೆಕ್ಕ ಹೀಗಿದೆ. ನಾವು ಹೋಗುವ ಪ್ರೆಸ್ಸಿನ ಸಣ್ಣ ಆಫ್‌ಸೆಟ್ ಮಷಿನ್‌ನಲ್ಲಿ ಒಂದು ಪ್ಲೇಟಿಗೆ, ಅಂದರೆ ಅಚ್ಚಿನ ತಗಡಿಗೆ, ನಾಲ್ಕು ಪುಟ. 32 ಪುಟಕ್ಕೆ ಎಂಟು ಪ್ಲೇಟು. ನೂರು ಪ್ರತಿ ತೆಗೆದರೂ ಎಂಟೇ, ಸಾವಿರ ತೆಗೆದರೂ ಎಂಟೇ. ಅದಕ್ಕೇ ತೀರಾ ಕಡಿಮೆ ಪ್ರತಿ ಹಾಕಿಸಿದರೆ ಒಂದೊಂದು ಪ್ರತಿ ದುಬಾರಿ ಬೀಳುತ್ತದೆ. ನಾವು 500ಕ್ಕೆ ನಿಲ್ಲಿಸಿದ್ದೇವೆ. ಚಂದಾದಾರರಿಗೆ ಕಳಿಸಿ ಉಳಿದದ್ದು ಲೇಖಕರಿಗೆ, ಗ್ರಂಥಾಲಯಗಳಿಗೆ ಮತ್ತು ಬೇರೆ ಪತ್ರಿಕೆಗಳ ಜೊತೆ ವಿನಿಮಯಕ್ಕೆ.

ನಮ್ಮ ದೊಡ್ಡ ತಪ್ಪು ಅಂದರೆ ಆಜೀವ ಚಂದಾ. ಶುರುವಿನಲ್ಲಿ 140 ಜನರಿಂದ ತಲಾ ಸಾವಿರ ರೂಪಾಯಿ ತೆಗೆದುಕೊಂಡೆವು. ಆ ದುಡ್ಡನ್ನು ಬ್ಯಾಂಕಿನಲ್ಲಿ ಇಟ್ಟು ಬಡ್ಡಿಯಲ್ಲಿ ನಡೆಸಬೇಕಿತ್ತು. ಕಾಗದಕ್ಕೆ, ಪ್ರೆಸ್ಸಿಗೆ ಅಂತ ಮೂರೇ ವರ್ಷದಲ್ಲಿ ಖರ್ಚಾಯಿತು. ಆಮೇಲೆ ತಿಂಗಳು ತಿಂಗಳು 140 ಪ್ರತಿ ಪುಕ್ಕಟೆ ಕಳಿಸಬೇಕಾಯಿತು. ಕೊನೆಗೆ ನಾನು ಎಲ್ಲರಿಗೂ ಒಂದೊಂದು ಕಾಗದ ಬರೆದೆ. ಇದ್ದದ್ದು ಇದ್ದ ಹಾಗೆ ಬರೆದೆ. 90 ಜನ ವರ್ಷಕ್ಕೆ 300 ರೂಪಾಯಿ ಕೊಡಲು ಒಪ್ಪಿದರು. ಒಬ್ಬರೂ ಸಿಟ್ಟಾಗಲಿಲ್ಲ. ಹೊಸದಾಗಿ ಪತ್ರಿಕೆ ಮಾಡುವವರಿಗೆ ಕೈಮುಗಿದು ಹೇಳುತ್ತೇನೆ, ಆಜೀವ ಚಂದಾ ತೆಗೆದುಕೊಳ್ಳಬೇಡಿ.

ಮೊಬೈಲ್‌ನಿಂದ ನಮಗೆ ಉಪಕಾರವೂ ಆಗಿದೆ. ಮೊದಲು ಚಂದಾ ಮನಿಯಾರ್ಡರ್‌ನಲ್ಲಿ ಬರುತ್ತಿತ್ತು. "ನಿಮ್ಮ ಚಂದಾ ಮುಗಿದಿದೆ" ಅಂತ ಕೆಂಪು ಮುದ್ರೆ ಒತ್ತಿ ಕಳಿಸಿದರೂ ಅರ್ಧ ಜನ ಮರೆಯುತ್ತಿದ್ದರು. ಅವರಿಗೆ ಕೊಡುವ ಮನಸ್ಸಿತ್ತು, ಅಂಚೆ ಕಚೇರಿಗೆ ಹೋಗಲು ಪುರುಸೊತ್ತಿರಲಿಲ್ಲ. ಹಿಂಬದಿಯ ರಕ್ಷಾಪುಟದಲ್ಲಿ ಕ್ಯೂಆರ್ ಕೋಡ್ ಹಾಕಿದ ಮೇಲೆ ಪತ್ರಿಕೆ ಮುಟ್ಟಿದ ದಿನವೇ ದುಡ್ಡು ಬರತೊಡಗಿತು.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಯಿತು. ಪ್ರೆಸ್ ಮುಚ್ಚಿತು. ಏಪ್ರಿಲ್, ಮೇ ಸಂಚಿಕೆಗಳನ್ನು ಪಿಡಿಎಫ್ ಮಾಡಿ ವಾಟ್ಸಾಪ್‌ನಲ್ಲಿ ಬಿಟ್ಟೆ. ಎಲ್ಲೆಲ್ಲಿಗೋ ಹೋಯಿತು. ಪುಣೆಯಿಂದ, ದುಬೈಯಿಂದ ಕೈಮುಗಿದ ಚಿತ್ರ ಬಂದವು. ಕಾಗದದ ಸಂಚಿಕೆಗೆ ಪ್ರತಿ ತಿಂಗಳು ಹತ್ತು ಹನ್ನೆರಡು ಪತ್ರವಾದರೂ ಬರುತ್ತಿದ್ದವು. ಆ ಎರಡು ಸಂಚಿಕೆಗೆ ಒಂದೂ ಬರಲಿಲ್ಲ. ಜೂನ್‌ನಲ್ಲಿ ಇಂಡಿ ಕಡೆಯ ಲಿಂಬೆ ತೋಟದ ರೈತರೊಬ್ಬರು ಫೋನ್ ಮಾಡಿದರು.

"ಅಕ್ಕಾರ, ಎರಡ ತಿಂಗಳಾತು, ಪುಸ್ತಕ ಬಂದಿಲ್ಲರಿ."

"ಮೊಬೈಲ್‌ದಾಗ ಕಳಿಸೀನಲ್ರಿ, ನೋಡಿಲ್ಲೇನ್ರಿ?"

"ಅದು ಬಂದೈತ್ರಿ. ಪುಸ್ತಕ ಯಾವಾಗ ಬರತೈತ್ರಿ?"

ಅವರ ಮನೆಯಲ್ಲಿ ನಮ್ಮ ಪತ್ರಿಕೆಯನ್ನು ಮೂರು ಜನ ಓದುತ್ತಾರೆ. ಆಮೇಲೆ ಅದು ಪಕ್ಕದ ಮನೆಗೆ ಹೋಗುತ್ತದೆ. ಇದು ನನಗೆ ಗೊತ್ತಾದದ್ದೇ ಆ ಫೋನಿನಿಂದ. ಪ್ರೆಸ್ ತೆರೆದ ಕೂಡಲೇ ಆ ಎರಡೂ ಸಂಚಿಕೆಗಳನ್ನು ಒಟ್ಟಿಗೆ ಅಚ್ಚು ಹಾಕಿಸಿದೆ.

ಇನ್ನೊಂದು ಪಾಠ ಅದಕ್ಕೂ ಮುಂಚೆ ಆಗಿತ್ತು. 2018ರಲ್ಲಿ ಅಂಗಡಿಯ ಹಾರ್ಡ್‌ಡಿಸ್ಕ್ ಕೆಟ್ಟಿತು. ಮೊದಲ ಐದು ವರ್ಷದ ಫೈಲುಗಳೆಲ್ಲ ಅದರಲ್ಲಿದ್ದವು. ಸಿಡಿಯಲ್ಲೂ ಇಟ್ಟಿದ್ದೆ, ಸಿಡಿಗಳು ತೆರೆಯಲೇ ಇಲ್ಲ. ನನ್ನ ಕಪಾಟಿನಲ್ಲಿ ಒಂಬತ್ತು ಸಂಚಿಕೆ ಇರಲಿಲ್ಲ. ತಾಳಿಕೋಟೆಯ ಓದುಗರೊಬ್ಬರು ಎಲ್ಲವನ್ನೂ ವರ್ಷದ ಪ್ರಕಾರ ದಾರದಲ್ಲಿ ಹೊಲಿದು ಟ್ರಂಕಿನಲ್ಲಿ ಇಟ್ಟಿದ್ದರು. ಅಲ್ಲಿಗೆ ಹೋಗಿ ಸ್ಕ್ಯಾನ್ ಮಾಡಿಕೊಂಡು ಬಂದೆ.

ಬಸ್ಸಿನಲ್ಲಿ ವಾಪಸ್ ಬರುವಾಗ, ವಚನಗಳನ್ನು ಹುಡುಕಿ ಅಚ್ಚು ಹಾಕಿಸಿದ ಫ.ಗು. ಹಳಕಟ್ಟಿಯವರು ನೆನಪಾದರು. ಮನೆ ಮಾರಿ 1925ರಲ್ಲಿ ನಮ್ಮ ವಿಜಯಪುರದಲ್ಲೇ ಹಿತಚಿಂತಕ ಮುದ್ರಣಾಲಯ ಹಾಕಿದವರು. 1926ರಲ್ಲಿ 'ಶಿವಾನುಭವ' ಪತ್ರಿಕೆ ತಂದವರು. ವಚನಗಳ ತಾಡೋಲೆಯ ಕಟ್ಟುಗಳು ಯಾರದೋ ಮನೆಯ ಜಂತಿಯಲ್ಲಿ, ಒಂದೇ ಪ್ರತಿಯಾಗಿ ಇದ್ದವು. ಗೆದ್ದಲು ಹತ್ತಿದರೆ ಮುಗೀತು. ಅಚ್ಚಾದ ಮೇಲೆ ಅದೇ ವಚನ ನೂರಾರು ಮನೆ ಸೇರಿತು. ಶಾಲೆಯಿಂದ ಕೇಳುತ್ತಲೇ ಬಂದ ಕತೆ ಇದು. ಆದರೆ ತಾಳಿಕೋಟೆಯ ಟ್ರಂಕು ನೋಡಿದ ಮೇಲೆಯೇ ನನಗೆ ಅದು ಪೂರ್ತಿ ಅರ್ಥವಾಯಿತು.

ಈ ಎರಡೂ ಪಾಠ ಆದ ಮೇಲೆ ಒಂದು ನಿಯಮ ಮಾಡಿಕೊಂಡಿದ್ದೇನೆ. ಹೊಸ ಸಂಚಿಕೆ ಕಾಗದದಲ್ಲಿ ಮಾತ್ರ. ವರ್ಷ ಕಳೆದದ್ದು ವೆಬ್‌ಸೈಟ್‌ನಲ್ಲಿ ಎಲ್ಲರಿಗೂ ಪುಕ್ಕಟೆ. ಇದು ಸುಲಭದ ಕೆಲಸ ಅಲ್ಲ. ಹಳೆಯದೆಲ್ಲ ‘ನುಡಿ’ ತಂತ್ರಾಂಶದ ಆಸ್ಕಿ ಫಾಂಟ್‌ನಲ್ಲಿದೆ. ಮೇಲೆ ಕಾಣುವ ಆಕಾರ ಮಾತ್ರ ಕನ್ನಡ, ಒಳಗಿರುವುದು ಇಂಗ್ಲಿಷ್ ಅಕ್ಷರದ ಸಂಕೇತ. ಹಾಗೇ ಹಾಕಿದರೆ ಗೂಗಲ್‌ನಲ್ಲಿ ಹುಡುಕಿದವರಿಗೆ ಸಿಗುವುದೇ ಇಲ್ಲ. ಕಂಪ್ಯೂಟರ್ ಕನ್ನಡವೆಂದೇ ಗುರುತಿಸುವ ಯೂನಿಕೋಡ್‌ಗೆ ಬದಲಿಸಿದರೆ ಅರ್ಕಾವತ್ತು ಜಾಗ ತಪ್ಪುತ್ತದೆ. ನಡುವೆ ಇದ್ದ ಇಂಗ್ಲಿಷ್ ಪದಗಳು ಅರ್ಥವಿಲ್ಲದ ಕನ್ನಡ ಅಕ್ಷರಗಳಾಗುತ್ತವೆ. ಒಂದು ಸಂಚಿಕೆ ತಿದ್ದಲು ಎರಡು ರಾತ್ರಿ ಬೇಕು. ಆದರೂ ಮಾಡುತ್ತೇನೆ. ಹಳೆಯ ಲೇಖನ ಓದಿ ಎಷ್ಟೋ ಹೊಸ ಲೇಖಕರು ಹುಡುಕಿಕೊಂಡು ಬಂದಿದ್ದಾರೆ.

2022ರಲ್ಲಿ ಹಗೇವಿನ ಬಗ್ಗೆ ಒಂದು ಲೇಖನ ಹಾಕಿದೆವು. ನೆಲದೊಳಗೆ ಬಿಳಿಜೋಳ ತುಂಬಿಡುವ ಆ ಕಣಜ ನಮ್ಮ ಕಡೆಯ ಹಿರಿಯರಿಗೆಲ್ಲ ಗೊತ್ತು. ಬರೆದವರು ಕಾಲೇಜಿನ ಹುಡುಗಿ, ಅಜ್ಜಿಯನ್ನು ಕೇಳಿ ಬರೆದಿದ್ದಳು. ತುಂಬ ಚಂದದ ಬರಹ. ಅದೊಂದನ್ನು ಮಾತ್ರ ನಿಯಮ ಮುರಿದು ಫೇಸ್‌ಬುಕ್‌ನಲ್ಲೂ ಹಾಕಿದೆ. ನೂರಾರು ಜನ ಮೆಚ್ಚಿದರು. "ಹಳೆ ನೆನಪು" ಅಂತ ಬರೆದರು. ಹದಿನೈದು ದಿನದ ಮೇಲೆ ದೇವರಹಿಪ್ಪರಗಿ ಕಡೆಯಿಂದ ಒಂದು ಇನ್‌ಲ್ಯಾಂಡ್ ಪತ್ರ ಬಂತು. ಪೆನ್ಸಿಲ್‌ನಲ್ಲಿ ಬರೆದದ್ದು. ಹಗೇವು ತೆಗೆದ ಕೂಡಲೇ ಯಾರೂ ಇಳಿಯಬಾರದು, ಒಳಗೆ ಕೆಟ್ಟ ಗಾಳಿ ತುಂಬಿರುತ್ತದೆ. ಮೊದಲು ಕಂದೀಲು ಇಳಿಬಿಟ್ಟು ನೋಡಬೇಕು, ದೀಪ ಆರಿದರೆ ಬಾಯಿ ತೆರೆದಿಟ್ಟು ಕಾಯಬೇಕು. ಇದನ್ನು ನೀವು ಯಾಕೆ ಬರೆಯಲಿಲ್ಲ, ಹುಡುಗರು ಓದಿ ಇಳಿದರೆ ಏನು ಗತಿ ಅಂತ ಕೇಳಿದ್ದರು.

ಓದಿ ಎದೆ ಧಸಕ್ಕೆಂದಿತು. ಲೇಖನ ತಿದ್ದುವಾಗ ನನಗೂ ಅದು ಹೊಳೆದಿರಲಿಲ್ಲ. ಮುಂದಿನ ಸಂಚಿಕೆಯ ಮೊದಲ ಪುಟದಲ್ಲೇ ಆ ಪತ್ರ ಹಾಕಿದೆ. ಆಮೇಲೆ ಪತ್ರಗಳು ನಿಲ್ಲಲೇ ಇಲ್ಲ. ಹಗೇವಿನ ಬಾಯಿ ಹೇಗೆ ಮುಚ್ಚುತ್ತಿದ್ದರು, ತಳಕ್ಕೆ ಏನು ಹಾಸುತ್ತಿದ್ದರು, ನೀರು ಹೊಕ್ಕು ಜೋಳ ಕೆಟ್ಟ ವರ್ಷ ಏನು ಮಾಡಿದರು, ಎಲ್ಲ ಬಂತು. ಒಬ್ಬ ತಾಯಿ ತಮ್ಮ ಮನೆಯ ಹಗೇವಿನ ಚಿತ್ರ ಬರೆದು ಕಳಿಸಿದ್ದರು.

ಅಷ್ಟೂ ಪತ್ರ ಹಿಡಿಸಲು ಎಂಟು ಪುಟ ಜಾಸ್ತಿ ಬೇಕಾಯಿತು. ಹತ್ತು ಪ್ಲೇಟು. ಬಂಗಾರದ ಅಂಗಡಿಗೆ ಹೋಗಿ ತೂಗಿದೆ, 53 ಗ್ರಾಂ. ಯಾವ ಪತ್ರ ಬಿಡಲಿ ಅಂತ ಒಂದು ಸಂಜೆ ಕೂತು ನೋಡಿದೆ. ಬಿಡುವಂಥದ್ದು ಒಂದೂ ಇರಲಿಲ್ಲ. ಆ ತಿಂಗಳು ಪ್ರತಿಗೆ 50 ಪೈಸೆಯಂತೆ 190 ರೂಪಾಯಿ ಕಟ್ಟಿ ಎಲ್ಲವನ್ನೂ ಕಳಿಸಿದೆ.