ಹಿತ್ತಲಿನ ತಗ್ಗಿಗೆ ಮಣ್ಣು ತುಂಬುವ ಮುಂಚೆ

ಅಮೆರಿಕದಲ್ಲಿ ಮನೆ ಕೊಂಡ ತೀರ್ಥಹಳ್ಳಿ, ಹೊಸನಗರ ಕಡೆಯವರು ಮೊದಲ ಬೇಸಿಗೆಯಲ್ಲೇ ಒಂದು ತಪ್ಪು ಮಾಡುತ್ತಾರೆ. ಹಿತ್ತಲಂಚಿನ ತಗ್ಗನ್ನು ಮಟ್ಟ ಮಾಡಿ ಬಸಳೆ ಚಪ್ಪರ ಹಾಕುತ್ತಾರೆ, ಇಲ್ಲವೇ ಶೆಡ್ ಕಟ್ಟುತ್ತಾರೆ. ಎಷ್ಟೋ ಕಡೆ ಆ ತಗ್ಗು ಡ್ರೈನೇಜ್ ಈಸ್‌ಮೆಂಟ್. ಜಾಗ ನಿಮ್ಮದು, ತೆರಿಗೆ ಕಟ್ಟುವವರೂ ನೀವೇ. ಆದರೆ ಮೇಲಿನ ಮನೆಗಳ ಮಳೆನೀರಿಗೆ ಅಲ್ಲಿ ಹರಿಯುವ ಹಕ್ಕಿದೆ. ಕಟ್ಟಿದ್ದನ್ನು ಈಸ್‌ಮೆಂಟಿನ ಹಕ್ಕುಳ್ಳವರು ನಿಮ್ಮ ಖರ್ಚಿನಲ್ಲೇ ಕೀಳಿಸಬಹುದು. ತಿರುಗಿದ ನೀರು ಪಕ್ಕದವರ ಬೇಸ್‌ಮೆಂಟಿಗೆ ನುಗ್ಗಿದರೆ ದಾವೆಯೂ ನಿಮ್ಮ ಮೇಲೆ ಬರಬಹುದು. ನಿಮ್ಮ ಮನೆಗೇ ನುಗ್ಗಿದರೂ ಕಷ್ಟ: ಮಾಮೂಲಿ ಮನೆವಿಮೆ ನೆರೆನೀರಿಗೆ ಬರುವುದಿಲ್ಲ. ಸಹಿ ಹಾಕುವ ಮೊದಲೇ ಪ್ಲಾಟ್ ನಕ್ಷೆ ತರಿಸಿ, ಈಸ್‌ಮೆಂಟ್ ಎಷ್ಟು ಅಡಿ ಅಗಲ ನೋಡಿ. ನಿರ್ವಹಣೆ ನಗರದ್ದೋ, ಮನೆಮಾಲೀಕರ ಸಂಘದ್ದೋ, ನಿಮ್ಮದೋ ಎಂಬುದನ್ನು ಬರಹದಲ್ಲೇ ಪಡೆಯಿರಿ. ಬಾಯಿಮಾತು ನಂಬಬೇಡಿ.

ಹಿತ್ತಲಲ್ಲೇ ಮಳೆನೀರಿನ ಕೊಳವೆಯ ತುದಿ, ಅಂದರೆ ಔಟ್‌ಫಾಲ್ ಇದ್ದರೆ ದೊಡ್ಡ ಮಳೆ ನಿಂತ ಮೇಲೆ ಹೋಗಿ ನೋಡಿ. ಕೊಳವೆಯ ಬಾಯಿಗೆ ಕಾಂಕ್ರೀಟ್ ಗೋಡೆ, ಮುಂದೆ ಹಾಸು, ಅದರಾಚೆ ಕಲ್ಲುರಾಶಿ ಸಾಮಾನ್ಯವಾಗಿ ಇರುತ್ತದೆ. ನೀರಿನ ರಭಸ ಮುರಿಯುವುದು ಆ ಕಲ್ಲು. ಹಾಸಿನಡಿ ಕೋಲು ತೂರಿ. ಸಲೀಸಾಗಿ ಒಳಗೆ ಹೋದರೆ ಮಣ್ಣು ಕೊಚ್ಚಿಹೋಗಿ ಪೊಳ್ಳಾಗಿದೆ. ಹಾಗೇ ಬಿಟ್ಟರೆ ಹಾಸು ಬಿರಿದು, ಕೊಳವೆಯ ಜೋಡಣೆ ಬಿಟ್ಟು, ಮೇಲಿನ ನೆಲ ಕುಸಿಯುತ್ತದೆ. ರಿಪೇರಿಗೆ ತುಂಗೆಯ ದಂಡೆಯಲ್ಲಿರುವಂಥ ಗುಂಡುಕಲ್ಲು ತರಬೇಡಿ, ಉರುಳಿಹೋಗುತ್ತವೆ. ಒಂದಕ್ಕೊಂದು ಕಚ್ಚಿಕೊಳ್ಳುವ, ಚೂಪು ಮೂಲೆಗಳ ಒಡೆದ ಕಲ್ಲೇ ಬೇಕು, ಅಡಿಯಲ್ಲಿ ಜಿಯೋಟೆಕ್ಸ್‌ಟೈಲ್ ಬಟ್ಟೆ ಬೇಕು. ಬಟ್ಟೆಯಿಲ್ಲದಿದ್ದರೆ ಕಲ್ಲಿನ ಸಂದಿಯಲ್ಲಿ ಮಣ್ಣು ಸೋರಿಹೋಗುತ್ತದೆ. ತೊರೆಯ ದಂಡೆ ಮುಟ್ಟುವ ಮುಂಚೆ ಪರ್ಮಿಟ್ ಬೇಕೇ ಎಂದು ವಿಚಾರಿಸಿ. ಕೊಳವೆಯೊಳಗೆ ಮಾತ್ರ ಎಂದೂ ಇಳಿಯಬೇಡಿ.

72 ಗಂಟೆ ಮಳೆಯಿಲ್ಲದೆಯೂ ಕೊಳವೆಯಿಂದ ನೀರು ಬರುತ್ತಿದ್ದರೆ ಒರತೆ ಇರಬಹುದು. ನೊರೆ, ಗಬ್ಬುವಾಸನೆ ಇದ್ದರೆ ಯಾರದೋ ಬಚ್ಚಲ ಪೈಪು ಸೇರಿಕೊಂಡಿದೆಯೆಂಬ ಅನುಮಾನ, ನಗರಕ್ಕೆ ತಿಳಿಸಿ.

ಕೆಲವು ಹಳೆಯ ನಗರ ಬಿಟ್ಟರೆ ಇಲ್ಲಿ ಮಳೆನೀರಿಗೂ ಕೊಳಚೆಗೂ ಬೇರೆ ಬೇರೆ ಕೊಳವೆ. ನಮ್ಮಲ್ಲಿ ಎಷ್ಟೋ ಕಡೆ ಎರಡನ್ನೂ ಒಂದೇ ಮೋರಿಗೆ ಬಿಡುವುದಕ್ಕಿಂತ ಇದೇ ಮೇಲು. ಆದರೆ ರಸ್ತೆಯ ಜಾಲರಿಗೆ ಬಿದ್ದದ್ದು ಸಾಮಾನ್ಯವಾಗಿ ಶುದ್ಧೀಕರಣವಿಲ್ಲದೆ ತೊರೆ ಸೇರುತ್ತದೆ. ಬಣ್ಣದ ಬ್ರಷ್ ತೊಳೆದ ನೀರು, ಕಾರಿನ ಎಣ್ಣೆ ಅಲ್ಲಿಗೆ ಸುರಿದರೆ ದಂಡ ಬೀಳಬಹುದು. 1972ರ ಶುದ್ಧಜಲ ಕಾಯ್ದೆಗೆ 1987ರಲ್ಲಿ ತಿದ್ದುಪಡಿಯಾದಾಗಿನಿಂದ ನಗರದ ಮಳೆಚರಂಡಿಗಳೂ ಪರ್ಮಿಟ್ಟಿನಡಿ ಬಂದಿವೆ.

ನಿರ್ವಹಣೆಯಲ್ಲಿ ಮಾತ್ರ ನಮ್ಮ ಅಡಿಕೆ ತೋಟದವರೇ ವಾಸಿ, ಮುಂಗಾರಿಗೆ ಮೊದಲೇ ಕಾದಿಗೆ, ಅಂದರೆ ತೋಟದ ಬಸಿಗಾಲುವೆ ಬಿಡಿಸುತ್ತಾರೆ. ಇಲ್ಲಿ ಚರಂಡಿ ಕಟ್ಟಿಕೊಂಡ ಮೇಲೆ ನಗರಕ್ಕೆ ಫೋನು. ಚಳಿಸೀಮೆಯಲ್ಲಿದ್ದರೆ ಅಕ್ಟೋಬರ್-ನವೆಂಬರಿನ ಎಲೆ ಉದುರುವ ಕಾಲದಲ್ಲಿ ಒಮ್ಮೆ, ಹಿಮ ಕರಗುವ ಮುಂಚೆ ಒಮ್ಮೆ ಮನೆಮುಂದಿನ ಜಾಲರಿ ಮೇಲಿನ ಕಸ ಬಾಚಿ ಚೀಲಕ್ಕೆ ತುಂಬಿ. ಜಾಲರಿ ಎತ್ತಬೇಡಿ.