ವಿಜಯಪುರದ ಮೇ ಬಿಸಿಲಿಗೊಂದು ಫುಟ್‌ಬಾಲ್ ವೇಳಾಪಟ್ಟಿ: ನನ್ನ ಅನುಭವ

ವಿಜಯಪುರದಲ್ಲಿ ಮೇ ತಿಂಗಳಲ್ಲಿ ಹದಿನಾರು ತಂಡಗಳ ಟೂರ್ನಿಯನ್ನು ನಡುಹಗಲಿನಲ್ಲಿ ಒಂದೂ ಪಂದ್ಯವಾಡಿಸದೆ ಮುಗಿಸಬಹುದೆಂದು ನಾನು ಹೇಳಿದಾಗ ಸಂಘಟಕ ಮಿತ್ರರಲ್ಲಿ ಒಬ್ಬರೂ ಒಪ್ಪಲಿಲ್ಲ. ಬೆಳಗಿನ ಆರಕ್ಕೆ ಜನ ಬರುವುದಿಲ್ಲ, ರಾತ್ರಿಯ ದೀಪದ ಬಾಡಿಗೆ ಬಹುಮಾನದ ಹಣವನ್ನೇ ನುಂಗುತ್ತದೆ ಎಂಬುದು ಅವರ ವಾದವಾಗಿತ್ತು. 1994ರ ವಿಶ್ವಕಪ್ ಫೈನಲ್ ಅನ್ನು ಜುಲೈ ತಿಂಗಳಲ್ಲಿ ಅಮೆರಿಕದ ಪಾಸಡೀನಾದಲ್ಲಿ ಮಧ್ಯಾಹ್ನ 12.30ಕ್ಕೇ ಆಡಿಸಿದ್ದರಲ್ಲ ಎಂದೂ ಒಬ್ಬರು ಕೇಳಿದರು. ಆ ಪಂದ್ಯ ಹೆಚ್ಚುವರಿ ಅವಧಿ ಕಳೆದರೂ ಗೋಲಿಲ್ಲದೆ ಪೆನಾಲ್ಟಿಗೆ ಹೋದದ್ದನ್ನು ಅವರು ಹೇಳಲಿಲ್ಲ. ಈಗ ಟೂರ್ನಿ ಹೇಳಿದ ದಿನಕ್ಕೇ ಮುಗಿದಿದೆ, ಅದೇ ಮಿತ್ರರು ಪಟ್ಟಿಯ ಪ್ರತಿ ಕೇಳುತ್ತಿದ್ದಾರೆ.

ಹಿಂದಿನ ವರ್ಷಗಳಲ್ಲಿ ಮುಂಜಾನೆ ಒಂಬತ್ತರಿಂದ ಸಂಜೆಯವರೆಗೆ ಪಂದ್ಯಗಳು ನಡೆಯುತ್ತಿದ್ದವು. ದ್ವಿತೀಯಾರ್ಧದಲ್ಲಿ ಆಟಗಾರರು ಓಡುವುದನ್ನೇ ಬಿಟ್ಟು ನಡೆಯುತ್ತಿದ್ದರು, ಮೀನಖಂಡ ಹಿಡಿದು ಬೀಳುವವರಿಗೆ ಲೆಕ್ಕವಿರಲಿಲ್ಲ, ಹೊರಗಿನ ಒಂದು ತಂಡವಂತೂ ಪ್ರವೇಶ ಶುಲ್ಕವನ್ನು ಮರಳಿ ಕೇಳಿ ನಡುವೆಯೇ ಹೊರಟುಹೋಯಿತು. ಅರ್ಧವನ್ನು ಇಪ್ಪತ್ತು ನಿಮಿಷಕ್ಕೆ ಇಳಿಸಿದರೆ, ಇಷ್ಟಕ್ಕಾಗಿ ಕೊಲ್ಹಾಪುರದಿಂದ ಬರಬೇಕಿತ್ತೇ ಎಂಬ ಮಾತು ಬಂತು. ಟ್ಯಾಂಕರ್ ನೀರು ಹೊಡೆಸಿದರೆ ಅರ್ಧ ಗಂಟೆಯಲ್ಲಿ ನೆಲ ಮತ್ತೆ ಕಾಯುತ್ತಿತ್ತು. ಟ್ಯಾಂಕರಿಗೆ ಎಂಟುನೂರರಂತೆ ದಿನಕ್ಕೆ ನಾಲ್ಕು ತರಿಸಿದ ಕಾಲವೂ ಇದೆ. ಶಾಮಿಯಾನವನ್ನು ಗಾಳಿ ಎತ್ತಿ ಒಗೆದ ಮೇಲೆ ಅದರ ದಂಡವನ್ನೂ ಕಟ್ಟಿದ್ದಾಯಿತು.

ಬಿಸಿಲ ನಾಡಾದ ಕತಾರ್ ವಿಶ್ವಕಪ್ ನಡೆಸಿ ತೋರಿಸಿತಲ್ಲ ಎಂದು ಎಲ್ಲರೂ ಹೇಳುತ್ತಾರೆ. ಕತಾರ್ ಮಾಡಿದ್ದು ತಿಂಗಳನ್ನೇ ಬದಲಿಸುವ ಕೆಲಸ: ಬೇಸಿಗೆಯ ಟೂರ್ನಿ 2022ರ ನವೆಂಬರ್ 20ರಿಂದ ಡಿಸೆಂಬರ್ 18ಕ್ಕೆ ಸರಿಯಿತು, 64 ಪಂದ್ಯಗಳು 29 ದಿನಗಳಲ್ಲಿ ಮುಗಿದವು. ನಮ್ಮ ಆಟಗಾರರಲ್ಲಿ ಹೆಚ್ಚಿನವರು ಕಾಲೇಜು ಹುಡುಗರಾದ್ದರಿಂದ ರಜೆಯ ಹೊರಗೆ ಅವರು ಸಿಗುವುದಿಲ್ಲ. ಕತಾರಿನ ದೋಹಾದ ಬೇಸಿಗೆಯಲ್ಲಿ ರಾತ್ರಿಯೂ ಕಡಲಿನ ತೇವ ಬಿಡದು, ಬೆವರು ಆರದು. ನಮ್ಮದು ಒಣ ಬಿಸಿಲು, ಸೂರ್ಯ ಮುಳುಗಿದರೆ ಅರ್ಧ ಕಾಟ ತಪ್ಪಿತು. ಆದ್ದರಿಂದ ಅವರಿಗೆ ಬಗೆಹರಿಯದ್ದು ನಮಗೆ ರಾತ್ರಿಯಲ್ಲೇ ಬಗೆಹರಿಯುತ್ತದೆಂದು ನನಗೆ ಅನ್ನಿಸಿತು.

ಅನ್ನಿಸಿದ್ದಷ್ಟೇ ಸಾಲದೆಂದು ಅಳೆದೂ ನೋಡಿದೆ. ಟೇಬಲ್ ಟೆನಿಸ್ ಚೆಂಡಿಗೆ ಹೊಳಪಿಲ್ಲದ ಕಪ್ಪು ಬಣ್ಣ ಬಳಿದು, ಒಳಗೆ ಥರ್ಮಾಮೀಟರ್ ತೂರಿಸಿ, ಪಕ್ಕದಲ್ಲಿ ಒದ್ದೆ ಬತ್ತಿ ಸುತ್ತಿದ ಇನ್ನೊಂದನ್ನೂ ನೆರಳಿನಲ್ಲಿ ಬರಿಯ ಮತ್ತೊಂದನ್ನೂ ತೂಗುಹಾಕಿದೆ. ಒದ್ದೆಯದರ ಅಂಕಿಯನ್ನು 0.7ರಿಂದ, ಕಪ್ಪು ಚೆಂಡಿನದನ್ನು 0.2ರಿಂದ, ನೆರಳಿನ ಗಾಳಿಯದನ್ನು 0.1ರಿಂದ ಗುಣಿಸಿ ಕೂಡಿದರೆ, ತೇವ, ಬಿಸಿಲು, ಗಾಳಿಯ ಬಿಸಿ ಎಲ್ಲ ಸೇರಿ ಮೈಗೆ ತಟ್ಟುವ ಕಾವಿನ ಅಳತೆ (ಡಬ್ಲ್ಯೂಬಿಜಿಟಿ) ಸಿಗುತ್ತದೆ. ಮಧ್ಯಾಹ್ನ ಮೂರಕ್ಕೆ ಫಲ 32 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂತು, 2014ರ ಬ್ರೆಜಿಲ್ ವಿಶ್ವಕಪ್‌ನಲ್ಲಿ ನೀರಿನ ವಿರಾಮಕ್ಕೆ ಇಟ್ಟುಕೊಂಡಿದ್ದ ಮಿತಿಯೂ ಅದೇ. ರಾತ್ರಿ ಎಂಟಕ್ಕೆ 25–26, ಬೆಳಗಿನ ಆರೂಕಾಲಿಗೆ ಅದಕ್ಕಿಂತಲೂ ಕಡಿಮೆ. ಅದೇ ಚೆಂಡನ್ನು ಗೋಳಗುಮ್ಮಟದ ಬದಿಯ ಹುಲ್ಲಿನ ಮೇಲೂ ಹಿಡಿದು ನೋಡಿದೆ. ನಮ್ಮ ಮಣ್ಣಿನ ಅಂಗಳಕ್ಕಿಂತ ಹುಲ್ಲಿನ ಮೇಲೆ ಅಂಕಿ ಸಾಕಷ್ಟು ಇಳಿದಿತ್ತು, ಆದರೆ ಹುಲ್ಲು ಬೆಳೆಸುವಷ್ಟು ನೀರು ನಮ್ಮಲ್ಲಿ ಯಾರ ಬಳಿ ಇದೆ?

ಅರ್ಧಕ್ಕೆ ಮೂವತ್ತು ನಿಮಿಷದಂತೆ ಬೆಳಿಗ್ಗೆ 6.15 ಮತ್ತು 7.35ಕ್ಕೆ ಎರಡು ಪಂದ್ಯ, ಸಂಜೆ 6.30, 7.50 ಮತ್ತು 9.10ಕ್ಕೆ ಮೂರು. ರಾತ್ರಿ ಆಡಿದ ತಂಡಕ್ಕೆ ಮರುದಿನ ಬೆಳಗಿನ ಪಂದ್ಯವಿಲ್ಲ ಎಂಬ ಒಂದೇ ನಿಯಮವನ್ನು ಯಾರ ಒತ್ತಾಯಕ್ಕೂ ಸಡಿಲಿಸಲಿಲ್ಲ. ಮೂರು ತಂಡಗಳ ಗುಂಪು ಮಾಡಿದರೆ ಪಂದ್ಯಗಳು ಕಡಿಮೆಯಾಗುತ್ತವೆಂದು ಮಿತ್ರರು ಹೇಳಿದರು; 2026ರ ವಿಶ್ವಕಪ್‌ಗೆ ಫಿಫಾ ಕೂಡ ಮೊದಲು ಹಾಗೆಯೇ ಯೋಚಿಸಿ 2023ರಲ್ಲಿ ಕೈಬಿಟ್ಟಿತು, ಏಕೆಂದರೆ ಕೊನೆಯ ಸುತ್ತಿನಲ್ಲಿ ಒಂದು ತಂಡ ಸುಮ್ಮನೆ ಕುಳಿತಿರುವಾಗ ಉಳಿದೆರಡು ತಮಗೆ ಬೇಕಾದ ಫಲಿತಾಂಶಕ್ಕೆ ಆಡಿಕೊಳ್ಳಬಹುದು. ನಾನು ನಾಲ್ಕರ ಗುಂಪನ್ನೇ ಉಳಿಸಿಕೊಂಡು, ಗುಂಪಿನ ಕೊನೆಯ ಸುತ್ತನ್ನು ಎರಡು ಬೆಳಗುಗಳಲ್ಲಿ, ದೀಪವಿಲ್ಲದ ಪಕ್ಕದ ಮೈದಾನವನ್ನೂ ಬಾಡಿಗೆಗೆ ಹಿಡಿದು ಏಕಕಾಲಕ್ಕೆ ಆಡಿಸಿದೆ. ಬೆಳಗಿನ ಮೊದಲ ಪಂದ್ಯಕ್ಕೆ ಯಾವ ತಂಡಗಳನ್ನು ಹಾಕಬೇಕೆಂಬ ಲೆಕ್ಕವನ್ನು ಮಾತ್ರ ಇಲ್ಲಿ ಬಿಚ್ಚಿಡಲಾರೆ. ಆರು ಗಂಟೆಗೇ ಮೈದಾನದ ಸುತ್ತ ಜನ ನಿಂತಿದ್ದು ಅದರಿಂದಲೇ.

ದೀಪ, ಜನರೇಟರ್, ಡೀಸೆಲ್ ಸೇರಿ ರಾತ್ರಿಗೆ ಹನ್ನೆರಡು ಸಾವಿರದಷ್ಟು, ಒಟ್ಟು ಲಕ್ಷದ ಆಸುಪಾಸು ಖರ್ಚಾಯಿತು. ಮಧ್ಯಾಹ್ನದ ಟ್ಯಾಂಕರ್, ಐಸ್, ಶಾಮಿಯಾನ ಹೋದದ್ದರಿಂದ ಮೂವತ್ತು–ಮೂವತ್ತೈದು ಸಾವಿರ ಉಳಿಯಿತು. ಬಾಕಿ ಖರ್ಚಿನ ಹಣ ಜಾಹೀರಾತಿನ ಫಲಕಗಳಿಂದ ಬಂತು: ಹಗಲಿನಲ್ಲಿ ಎರಡೂವರೆ ಸಾವಿರಕ್ಕೂ ಚೌಕಾಸಿ ಮಾಡುತ್ತಿದ್ದ ಅಂಗಡಿಯವರು, ಅಂಗಡಿ ಮುಚ್ಚಿ ತಾವೇ ಪಂದ್ಯಕ್ಕೆ ಬರತೊಡಗಿದ ಮೇಲೆ, ಬೆಳಕು ಬೀಳುವ ಜಾಗಕ್ಕೆ ಆರು ಸಾವಿರ ಕೊಟ್ಟರು. ಮಿರ್ಚಿ ಭಜಿಯ ಗಾಡಿಗಳ ನೆಲಬಾಡಿಗೆಯೂ ಸಣ್ಣದಾಗಿರಲಿಲ್ಲ.

ಇನ್ನು ಉಳಿದ ಭಯವೆಂದರೆ ಕೃತ್ತಿಕಾ ಮಳೆ. ಎರೆಮಣ್ಣು ಒಮ್ಮೆ ನೆನೆದರೆ ಬೂಟಿಗೆ ಮೆತ್ತಿಕೊಂಡು ಎರಡು ಹೊತ್ತು ಆಡಲು ಬಿಡುವುದಿಲ್ಲ. ಅದಕ್ಕಾಗಿ ಸೆಮಿಫೈನಲ್‌ಗೆ ಮೊದಲು ಒಂದು ರಾತ್ರಿಯನ್ನು ಖಾಲಿ ಬಿಟ್ಟೆ, ಆ ರಾತ್ರಿ ಪಂದ್ಯ ನಡೆಯದಿದ್ದರೆ ಅರ್ಧ ಬಾಡಿಗೆ ಮಾತ್ರವೆಂದು ದೀಪದವರಿಂದ ಮೊದಲೇ ಬರೆಸಿಕೊಂಡೆ. ಮಳೆ ಬರಲಿಲ್ಲ, ಆರು ಸಾವಿರ ಕೊಟ್ಟು ಆಟಗಾರರಿಗೆ ಒಂದು ರಾತ್ರಿಯ ವಿಶ್ರಾಂತಿ ಕೊಂಡಂತಾಯಿತು. ಮುಂದಿನ ಸಲವೂ ಆ ರಾತ್ರಿಯನ್ನು ಪಟ್ಟಿಯಲ್ಲಿ ಖಾಲಿಯೇ ಬಿಡುತ್ತೇನೆ.